ಅರ್ಧಕ್ಕೆ ನಿಂತ ಕಾದಂಬರಿ: ಸಣ್ಣ ಸುಖಗಳ ದೋಷ ಪತ್ತೆ ಮತ್ತು ದುರಸ್ತಿ

ಕೆಲಸಕ್ಕೆ ಹೋಗುತ್ತಾ, ಮನೆ ನೋಡಿಕೊಳ್ಳುತ್ತಾ, ಉಳಿದ ಹೊತ್ತಿನಲ್ಲಿ ಕಾದಂಬರಿ ಬರೆಯುತ್ತಿರುವವರಿಗಾಗಿ ಈ ಕೈಪಿಡಿ. ಕಥಾಸಂಕಲನ, ನಾಟಕ, ಪ್ರವಾಸ ಕಥನ ಬರೆಯುವವರಿಗೂ ಇದರ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ದೋಷ ಹೀಗಿರುತ್ತದೆ. ಮೊದಲ ಕೆಲವು ಅಧ್ಯಾಯ ಸಲೀಸಾಗಿ ಬಂದವು. ಆಮೇಲೆ ನಿಧಾನವಾಯಿತು. ಈಗ ಬರೆಯಲು ಕೂತರೆ ಸಾಕು, ಕಾಫಿ ಬೇಕು ಅನಿಸುತ್ತದೆ. ಕಾಫಿ ಆದ ಮೇಲೆ ಮ್ಯಾಚ್ ಸ್ಕೋರ್ ಎಷ್ಟಾಯಿತು ಎಂಬ ಯೋಚನೆ. ಸ್ಕೋರ್ ನೋಡಲು ಫೋನ್ ತೆಗೆದರೆ ರೀಲ್ಸ್. ಅಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಫೈಲ್ ತೆರೆದೇ ಇರುತ್ತದೆ, ಒಂದು ಸಾಲೂ ಮುಂದೆ ಹೋಗಿರುವುದಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ಮನಸ್ಸು ಗಟ್ಟಿ ಮಾಡಿಕೊಳ್ಳಿ. ನನ್ನ ಪ್ರಕಾರ ಅದು ತಪ್ಪು ದುರಸ್ತಿ. ಮನೆಯಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಪ್ಪ ತಂತಿ ಸುತ್ತಿ ಕೂರುವುದಿಲ್ಲ ಅಲ್ವಾ? ಎಲ್ಲಿ ಶಾರ್ಟ್ ಆಗುತ್ತಿದೆ ಎಂದು ಹುಡುಕುತ್ತೇವೆ. ಕಾಫಿ, ಕ್ರಿಕೆಟ್, ಹೊಸ ಪೆನ್ನು, ನಿಘಂಟು ತಿರುವುವುದು, ಇವೆಲ್ಲ ಬೇರೆಲ್ಲೋ ಇರುವ ತೊಂದರೆಯ ಗುರುತುಗಳು. ಯಾವ ಸುಖ, ಯಾವ ಹೊತ್ತಿನಲ್ಲಿ, ಕಥೆಯ ಯಾವ ಜಾಗದಲ್ಲಿ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಿತು ಎಂದು ನೋಡಿದರೆ ಅಸಲಿ ಕಾರಣ ಕೈಗೆ ಸಿಗುತ್ತದೆ.

ಮೊದಲು: ದೋಷ ನಿಜವಾಗಿ ಇದೆಯೇ?

ಡೆಮಿ 1/8 (ಪುಸ್ತಕದ ಸಾಮಾನ್ಯ ಅಳತೆ) ಆಕಾರದ ಸುಮಾರು 200 ಪುಟದ ಕಾದಂಬರಿಗೆ 40,000 ಪದ ಎಂದು ಲೆಕ್ಕ ಹಿಡಿಯೋಣ. ದಿನಕ್ಕೆ 300 ಪದ ಬರೆದರೆ 134 ದಿನದಲ್ಲಿ ಮೊದಲ ಕರಡು ಮುಗಿಯುತ್ತದೆ. ನಾಲ್ಕೂವರೆ ತಿಂಗಳು. ಅಂದರೆ ದಿನಕ್ಕೆ 300 ಪದ ಬರೆಯುತ್ತಿರುವವರು ನಡುವೆ ಮೂರು ಸಲ ಕಾಫಿ ಕುಡಿದರೂ, ಸಂಜೆ ಇಡೀ ಮ್ಯಾಚ್ ನೋಡಿದರೂ, ಅಲ್ಲಿ ದುರಸ್ತಿ ಮಾಡಲು ಏನೂ ಇಲ್ಲ. ಸುಮ್ನೆ ತಪ್ಪಿತಸ್ಥ ಭಾವನೆ ಬೆಳೆಸಿಕೊಳ್ಳಬೇಡಿ.

ಎಷ್ಟು ಹೊತ್ತು ಕೂತಿರಿ ಎಂಬುದನ್ನು ಅಳೆಯಬೇಡಿ. ಹೊಸದಾಗಿ ಎಷ್ಟು ಪದ ಬಂತು ಎಂದು ಅಳೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಅಂಕಿ ಬರೆದಿಡಿ. ತಿದ್ದಿದ ಪದಗಳು ಲೆಕ್ಕಕ್ಕಿಲ್ಲ. ಎರಡು ವಾರದ ಚೌಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೆ, ಆಗ ಮುಂದಕ್ಕೆ ಓದಿ.

19ನೇ ಶತಮಾನದ ಇಂಗ್ಲೆಂಡಿನ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ನೌಕರರಾಗಿದ್ದರು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಇರುತ್ತಿದ್ದರು. ಗಡಿಯಾರವನ್ನು ಎದುರಿಗಿಟ್ಟು 15 ನಿಮಿಷಕ್ಕೆ 250 ಪದ ಎಂಬ ಲೆಕ್ಕದಲ್ಲಿ ಬರೆಯುತ್ತಿದ್ದರು. ಒಟ್ಟು 47 ಕಾದಂಬರಿ ಬರೆದರು. ಇವರ ಬಗ್ಗೆ ಹೇಳುವವರು ಸಾಮಾನ್ಯವಾಗಿ ಶಿಸ್ತಿನ ಬಗ್ಗೆ ಮಾತ್ರ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ. ತಮ್ಮನ್ನು ಎಬ್ಬಿಸಿ ಕಾಫಿ ತಂದುಕೊಡುವುದಕ್ಕೆಂದೇ ಅವರು ಮನೆಯ ಹಳೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರು. ಸುಖವನ್ನು ಅವರು ಬಿಡಲಿಲ್ಲ. ಅದು ಬರವಣಿಗೆಯ ಬಾಗಿಲಲ್ಲೇ ಬಂದು ನಿಲ್ಲುವಂತೆ ವ್ಯವಸ್ಥೆ ಮಾಡಿಕೊಂಡರು.

ಎದ್ದ ಜಾಗಕ್ಕೆ ಗುರುತು ಹಾಕುವ ಪರೀಕ್ಷೆ

ಈ ಕೈಪಿಡಿಯಲ್ಲಿ ಒಂದನ್ನೇ ಮಾಡಲು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ಬರೆಯುವಾಗ ಏಳಬೇಕು ಅನಿಸಿತು ಎಂದುಕೊಳ್ಳಿ. ಏಳಿ, ತಡೆಯಬೇಡಿ. ಆದರೆ ಏಳುವ ಮೊದಲು, ಕರಡಿನಲ್ಲಿ ಅದೇ ಜಾಗದಲ್ಲಿ, ಎರಡು ನಕ್ಷತ್ರ ಹಾಕಿ ಕಾರಣ ಮತ್ತು ಸಮಯ ಟೈಪ್ ಮಾಡಿ. '\*\*ಕಾಫಿ 6.40', '\*\*ಫೋನ್ 7.05', '\*\*ನಿಘಂಟು 7.20', ಹೀಗೆ. ನೋಟ್‌ಬುಕ್ಕಿನಲ್ಲಿ ಬರೆಯುವವರು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಗುರುತಿಸಿ. ಒಂದು ವಾರ ಆದ ಮೇಲೆ ಫೈಲಿನಲ್ಲಿ ಎರಡು ನಕ್ಷತ್ರ ಹುಡುಕಿ, ಒಂದೊಂದೇ ನೋಡಿ.

ಗುರುತುಗಳೆಲ್ಲ ಗಡಿಯಾರದ ಒಂದೇ ಹೊತ್ತಿಗೆ ಬಿದ್ದಿದ್ದರೆ ತೊಂದರೆ ದೇಹದ್ದು: ಹಸಿವು, ನಿದ್ದೆ, ಕೂತ ಭಂಗಿ. ಮೊದಲ ವಾಕ್ಯಕ್ಕೂ ಮುಂಚೆಯೇ ಬಿದ್ದಿದ್ದರೆ ಶುರು ಮಾಡುವುದೇ ಕಷ್ಟವಾಗುತ್ತಿದೆ. ಎಲ್ಲೆಂದರಲ್ಲಿ ಚೆಲ್ಲಿದ್ದು ಹೆಚ್ಚಿನವು ಫೋನಿಗೆ ಸಂಬಂಧಿಸಿದ್ದರೆ ಯಂತ್ರದ ಸೆಟ್ಟಿಂಗ್ ಬದಲಿಸಬೇಕು. ಇವು ಮೂರೂ ಸುಲಭದ ದೋಷಗಳು, ಮುಂದೆ ಹೇಳುತ್ತೇನೆ.

ಕಷ್ಟದ್ದು ನಾಲ್ಕನೆಯದು. ಗುರುತುಗಳು ಒಂದೇ ದೃಶ್ಯದ ಸುತ್ತ ಗುಂಪಾಗಿರುವುದು. ಸೋಮವಾರ ಅಲ್ಲೇ ಕಾಫಿ, ಬುಧವಾರ ಅಲ್ಲೇ ಫೋನ್, ಶನಿವಾರ ಅಲ್ಲೇ ಇದ್ದಕ್ಕಿದ್ದಂತೆ ಕಪಾಟು ಒಪ್ಪ ಮಾಡುವ ಉತ್ಸಾಹ. ಸುಖ ಬದಲಾಗುತ್ತಿದೆ, ಜಾಗ ಬದಲಾಗುತ್ತಿಲ್ಲ. ಇಂಥ ಕಡೆ ಕಾಫಿ ಬಿಟ್ಟರೂ ಕಾದಂಬರಿ ಮುಂದೆ ಹೋಗುವುದಿಲ್ಲ. ಕಾಫಿಯ ಜಾಗಕ್ಕೆ ಇನ್ನೊಂದು ಬರುತ್ತದೆ, ಅಷ್ಟೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ದೃಶ್ಯ. ಊರಿನ ಹಿರಿಯರು ಜಗಲಿಯಲ್ಲಿ ಕೂತಿದ್ದಾರೆ, ಒಳಗೆ ಹೆಂಗಸರು ಕಿವಿಗೊಟ್ಟು ನಿಂತಿದ್ದಾರೆ. ಬರೆಯುವವರು ಇಲ್ಲಿ ಯಾಕೆ ಪದೇ ಪದೇ ಏಳುತ್ತಾರೆ?

ಒಂದು ಕಾರಣ, ವಿವರ ಗೊತ್ತಿಲ್ಲ. ಪಾಲುಪಟ್ಟಿಯಲ್ಲಿ ಏನು ಬರೆಯುತ್ತಾರೆ, ಪಹಣಿಯಲ್ಲಿ ಹೆಸರು ಯಾವಾಗ ಬದಲಾಗುತ್ತದೆ, ತೋಟದ ಬಾವಿಯ ನೀರನ್ನು ಹೇಗೆ ಹಂಚುತ್ತಾರೆ ಎಂಬುದು ಮಸುಕು. ಇದಕ್ಕೆ ಚೌಕ ಕಂಸ ಸಾಕು. [ಇಲ್ಲಿ ಪಾಲುಪಟ್ಟಿ ವಿವರ] ಎಂದು ಹಾಕಿ, ಅಣ್ಣ ಏನಂದ, ತಮ್ಮ ಏನಂದ ಎಂಬುದನ್ನು ಬರೆಯುತ್ತಾ ಹೋಗಿ. ಕರಡು ಮುಗಿದ ಮೇಲೆ ಕಂಸಗಳನ್ನೆಲ್ಲ ಒಟ್ಟಿಗೆ ಪಟ್ಟಿ ಮಾಡಿ, ಗೊತ್ತಿರುವವರ ಹತ್ತಿರ ಒಂದೇ ಸಲ ಕೂತು ಕೇಳಿದರೆ ಆಯಿತು.

ಇನ್ನೊಂದು ಕಾರಣ, ಮುಂದೆ ಏನಾಗುತ್ತದೆ ಎಂದು ಬರೆಯುವವರಿಗೇ ತೀರ್ಮಾನವಾಗಿಲ್ಲ. ತಮ್ಮ ಸಹಿ ಹಾಕುತ್ತಾನೋ ಎದ್ದು ಹೋಗುತ್ತಾನೋ? ಇದನ್ನು ಕಥೆಯ ಭಾಷೆಯಲ್ಲಿ ಬಿಡಿಸಲು ಹೋದರೆ ಗಂಟು ಬಿಗಿಯುತ್ತದೆ. ಬೇರೆ ಹಾಳೆ ತೆಗೆದು ಗೆಳತಿಗೆ ಹೇಳುವ ಹಾಗೆ ಬರೆಯಿರಿ: 'ಇಲ್ಲಿ ಏನಾಗುತ್ತೆ ಗೊತ್ತಾ, ತಮ್ಮನಿಗೆ ಮನೆ ಬೇಕಿಲ್ಲ, ಅಮ್ಮ ತನ್ನ ಜೊತೆ ಬರಬೇಕು ಅಂತ ಆಸೆ, ಅದನ್ನ ಬಾಯಿ ಬಿಟ್ಟು ಹೇಳೋಕೆ ಆಗ್ತಿಲ್ಲ.' ಅರ್ಧ ಪುಟ ಹೀಗೆ ಬರೆದರೆ ದಾರಿ ಕಾಣುತ್ತದೆ. ಈ ವಿಧಾನವನ್ನು ನಾನು ತುಂಬ ನಂಬುತ್ತೇನೆ. ಆಡುಮಾತಿನಲ್ಲಿ ಯಾರೂ ಶೈಲಿಗಾಗಿ ತಡಕಾಡುವುದಿಲ್ಲ, ವಿಷಯ ನೇರವಾಗಿ ಬರುತ್ತದೆ.

ಮೂರನೆಯದು, ದೃಶ್ಯ ನೋಯಿಸುತ್ತಿದೆ. ಸ್ವಂತ ಮನೆಯಲ್ಲಿ ಇಂಥದ್ದೇ ಪಾಲು ಆಗಿರಬಹುದು. ಬರೆದದ್ದನ್ನು ದೊಡ್ಡಪ್ಪ ಓದಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಇರಬಹುದು. ಇಲ್ಲಿ ಎದ್ದು ಕಾಫಿಗೆ ಹೋಗುವುದು ಸೋಮಾರಿತನ ಅಲ್ಲವೇ ಅಲ್ಲ, ತನ್ನನ್ನು ಕಾಪಾಡಿಕೊಳ್ಳುವ ರೀತಿ. ಇಂಥ ದೃಶ್ಯವನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ದಿನಕ್ಕೆ ನೂರು ಪದ ಸಾಕು. ಅದು ಯಾರ ಕಣ್ಣಿಗೂ ಬೀಳದ ಬೇರೆ ಫೈಲಿನಲ್ಲಿರಲಿ. ಹೆಸರು, ಊರು, ಸಂಬಂಧ ಬದಲಿಸುವುದು ಎರಡನೇ ಕರಡಿನ ಕೆಲಸ.

ಕೊನೆಯದು ಒಪ್ಪಿಕೊಳ್ಳಲು ಕಷ್ಟ. ಆ ದೃಶ್ಯವೇ ಬೇಕಾಗಿಲ್ಲ. ಬರೆಯುವವರಿಗೇ ಬೇಸರ ತರುವ ದೃಶ್ಯ ಓದುಗರಿಗೂ ಬೇಸರ ತರುತ್ತದೆ. 'ಪಾಲಾಗಿ ಮೂರು ವರ್ಷವಾಗಿತ್ತು' ಎಂದು ಒಂದು ವಾಕ್ಯ ಬರೆದು ದಾಟಿಬಿಡಿ. ಆಮೇಲೂ ಕಥೆ ಕೆಡದೆ ಸಾಗಿದರೆ ದೃಶ್ಯ ಬೇಕಿರಲಿಲ್ಲ ಎಂದರ್ಥ.

ಕಾಫಿ, ಕುರುಕಲು, ನಿದ್ದೆ

ಇಲ್ಲಿ ಒಂದು ಸರಳ ವಿಂಗಡಣೆ ಕೆಲಸಕ್ಕೆ ಬರುತ್ತದೆ. ಕೆಲವು ಸುಖ ತಾನಾಗಿ ಮುಗಿಯುತ್ತವೆ, ಕೆಲವು ಮುಗಿಯುವುದೇ ಇಲ್ಲ. ಒಂದು ಲೋಟ ಕಾಫಿ ಮುಗಿಯುತ್ತದೆ. ತಟ್ಟೆಯಲ್ಲಿ ತಂದಿಟ್ಟುಕೊಂಡ ಎರಡು ಕೋಡುಬಳೆ ಮುಗಿಯುತ್ತದೆ. ಡಬ್ಬವನ್ನೇ ಮೇಜಿನ ಮೇಲೆ ತಂದಿಟ್ಟರೆ ಮುಗಿಯುವುದಿಲ್ಲ. ಬರೆಯುವ ಹೊತ್ತಿನಲ್ಲಿ ಮೊದಲ ಜಾತಿಯವು ಮಾತ್ರ ಇರಲಿ.

ಕಾಫಿಯ ಅಸಲಿ ತೊಂದರೆ ಕುಡಿಯುವುದರಲ್ಲಿ ಇಲ್ಲ, ಮಾಡುವುದರಲ್ಲಿದೆ. ನೀರು ಕಾಯಿಸಿ, ಫಿಲ್ಟರಿಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವವರೆಗೆ ಅಡುಗೆಮನೆಯಲ್ಲಿ ನಿಂತರೆ, ಅಲ್ಲಿ ಪಾತ್ರೆ ಕಾಣುತ್ತದೆ, ಹಾಲಿನ ಪ್ಯಾಕೆಟ್ ಖಾಲಿಯಾದದ್ದು ಕಾಣುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಬೆಳಿಗ್ಗೆ ಬರೆಯುವವರು ರಾತ್ರಿಯೇ ಡಿಕಾಕ್ಷನ್ ಹಾಕಿಟ್ಟು ಮಲಗಿ. ಹಾಲು ಕಾಯಿಸಿ ಬೆರೆಸಿಕೊಂಡು, ಲೋಟ ಹಿಡಿದುಕೊಂಡೇ ಮೇಜಿಗೆ ಬನ್ನಿ. ಮೊದಲ ಗುಟುಕು ಕುಡಿಯುವ ಜಾಗ ಕುರ್ಚಿಯೇ ಆಗಿರಲಿ.

ಸಂಜೆ ಕಾಫಿಯ ಬಗ್ಗೆ ಸ್ವಲ್ಪ ಎಚ್ಚರಿಕೆ ಬೇಕು. ಆರೋಗ್ಯವಂತ ವಯಸ್ಕರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಸುಮಾರು 5 ಗಂಟೆ ಬೇಕು. ಕೆಲವರಿಗೆ ಬೇಗ, ಕೆಲವರಿಗೆ ಇನ್ನೂ ತಡ. ಸಂಜೆ 6 ಗಂಟೆಯ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ 11ಕ್ಕೂ ಒಳಗೇ ಇರುತ್ತದೆ. ನಿದ್ದೆ ತಡವಾಗುತ್ತದೆ. ಮರುದಿನ 5 ಗಂಟೆಗೆ ಏಳಲು ಆಗುವುದಿಲ್ಲ. ಆ ಮುಂಜಾವದ 300 ಪದ ಹೋಯಿತು. ಬೆಳಿಗ್ಗೆ ಬರೆಯಲು ಆಗುತ್ತಿಲ್ಲ ಎನ್ನುವವರು ಮೊದಲು ಹಿಂದಿನ ಸಂಜೆಯನ್ನು ತಪಾಸಣೆ ಮಾಡಬೇಕು.

ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುವುದಕ್ಕೆ ಮದ್ದಿಲ್ಲ. ಇಪ್ಪತ್ತು ನಿಮಿಷ ಅಲಾರಾಂ ಇಟ್ಟು ಮಲಗಿ ಏಳಿ.

ಫೋನ್

'ಎರಡೇ ನಿಮಿಷ ನೋಡ್ತೀನಿ' ಎಂಬ ಲೆಕ್ಕ ಯಾಕೆ ತಪ್ಪುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೋದರೆ, ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ ಎಂಬುದು ಅದರ ಸಾರ. ಈಗ ಫೋನಿನ ಲೆಕ್ಕ ಹಾಕಿ. ವಾಟ್ಸಾಪಿನಲ್ಲಿ ಅರ್ಧ ಓದಿದ ಜಗಳ, ಕೊನೆಯ ಓವರ್ ಬಾಕಿ ಇರುವ ಮ್ಯಾಚ್, ಉತ್ತರ ಕೊಡಬೇಕಾದ ಒಂದು ಮೆಸೇಜ್. ಇವು ಯಾವುವೂ ಮುಗಿದಿಲ್ಲ. ನೀವು ಕರಡಿಗೆ ವಾಪಸ್ ಬಂದರೂ ಮನಸ್ಸಿನ ಒಂದು ಭಾಗ ಕೊನೆಯ ಓವರಿನಲ್ಲೇ ಇರುತ್ತದೆ. ಪಾತ್ರದ ಬಾಯಿಂದ ಮಾತು ಹೊರಡುವುದಿಲ್ಲ.

ದುರಸ್ತಿ ನೇರವಾಗಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದರೆ ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದ್ದೀರಿ, ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಇದ್ದಿರಿ ಎಂದು ಕಾಣುತ್ತದೆ. ಐಫೋನಿನಲ್ಲಿ ಅದರ ಹೆಸರು ಸ್ಕ್ರೀನ್ ಟೈಮ್. ಮೊದಲು ಆ ಅಂಕಿಗಳನ್ನು ಬರೆಯುವ ಹೊತ್ತಿನ ಜೊತೆ ಹೋಲಿಸಿ. ಆಮೇಲೆ ಫೋಕಸ್ ಮೋಡ್ ಹಾಕಿ. ಮನೆಯವರ ಕರೆ ಮಾತ್ರ ಬರುವಂತೆ ಬಿಡಿ. ಇಷ್ಟಾದ ಮೇಲೂ ಫೋನ್ ಪಕ್ಕದ ಕೋಣೆಯಲ್ಲಿದ್ದರೆ ಒಳ್ಳೆಯದು, ಎದ್ದು ಹೋಗಿ ತರಬೇಕು ಎಂಬಷ್ಟು ದೂರವೇ ಎಷ್ಟೋ ಸಲ ಸಾಕಾಗುತ್ತದೆ.

ಫೋನಿನಲ್ಲೇ ಬರೆಯುವವರು ಬಹಳ ಜನ ಇದ್ದಾರೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಮಗು ಮಲಗಿದ ಮೇಲೆ ಹಾಸಿಗೆಯಲ್ಲಿ. ಫೋನ್ ದೂರ ಇಡಿ ಎಂಬ ಸಲಹೆ ಅವರಿಗೆ ಕೆಲಸಕ್ಕೆ ಬಾರದು. ಅವರು ಬರೆಯುವ ಹೊತ್ತಿನಲ್ಲಿ ಇಂಟರ್ನೆಟ್ ಆಫ್ ಮಾಡಿಕೊಳ್ಳಲಿ. ಕನ್ನಡ ಕೀಬೋರ್ಡಿಗೆ ನೆಟ್ ಬೇಕಾಗಿಲ್ಲ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ನಿಮಗೆ ಗೊತ್ತಿರಬಹುದು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಅದು ಹಲವರಿಗೆ ಕೈಕೊಡುವುದು ಆ 5 ನಿಮಿಷದಲ್ಲೇ. ಬಿಡುವಿನಲ್ಲಿ ಫೋನ್ ಹಿಡಿಯಬೇಡಿ. ಗಿಡಕ್ಕೆ ನೀರು ಹಾಕಿ, ಬಟ್ಟೆ ಒಣಗಿದೆಯೇ ನೋಡಿ, ಬಾಲ್ಕನಿಯಲ್ಲಿ ನಿಲ್ಲಿ. ತಾನಾಗಿ ಮುಗಿಯುವ ಕೆಲಸ ಯಾವುದಾದರೂ ಆಗುತ್ತದೆ.

ಫೋನ್ ಬಿಡಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ, ಬರವಣಿಗೆ ಮಾತ್ರವಲ್ಲ ನೌಕರಿ, ಸಂಸಾರ, ನಿದ್ದೆ ಎಲ್ಲವೂ ಕೆಡುತ್ತಿದೆ ಎನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಷಟ್' ಎಂಬ ಕ್ಲಿನಿಕ್ ಇದೆ. ತಂತ್ರಜ್ಞಾನದ ಅತಿಬಳಕೆಗೆಂದೇ ಇರುವುದು. ಹೋಗಲು ಸಂಕೋಚ ಬೇಡ.

ಕೆಲಸದ ವೇಷದಲ್ಲಿ ಬರುವ ಸುಖಗಳು

ಇವನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ರೀಲ್ಸ್ ನೋಡಿದವರಿಗೆ ಹೊತ್ತು ಹಾಳಾಯಿತು ಎಂದು ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಇಡೀ ಭಾನುವಾರ ಕಾದಂಬರಿಗಾಗಿ ದುಡಿದೆ ಎಂಬ ತೃಪ್ತಿ ಇರುತ್ತದೆ, ಹೊಸ ಪದ ಒಂದೂ ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಮೊದಲ ಬಲೆ ಫಾಂಟ್. ತುಂಗಾದಲ್ಲಿ ಚೆನ್ನಾಗಿ ಕಾಣುತ್ತದೋ ನಿರ್ಮಲಾದಲ್ಲೋ, ಅಧ್ಯಾಯದ ತಲೆಬರಹಕ್ಕೆ ಬಾಲೂ ತಮ್ಮ ಫಾಂಟ್ ಹಾಕಿದರೆ ಹೇಗಿರುತ್ತದೆ, ನುಡಿ ಸಾಫ್ಟ್‌ವೇರಿನಲ್ಲಿ ಬರೆದದ್ದನ್ನು ಯೂನಿಕೋಡಿಗೆ ಬದಲಿಸಿದರೆ ಅರ್ಕಾವತ್ತು ಎಲ್ಲಿ ಹೋಯಿತು, ಇದನ್ನೇ ನೋಡುತ್ತಾ ಕೂತರೆ ಸಂಜೆಯಾಗುತ್ತದೆ. ಯೂನಿಕೋಡಿನಲ್ಲಿ, ಕಣ್ಣಿಗೆ ಹಿತವಾದ ಯಾವುದೋ ಒಂದು ಫಾಂಟಿನಲ್ಲಿ ಕರಡು ಮುಗಿಸಿ. ಪ್ರಕಾಶಕರು ಯಾವ ಸಾಫ್ಟ್‌ವೇರಿನಲ್ಲಿ ಪುಟ ಕಟ್ಟುತ್ತಾರೋ ಅದಕ್ಕೆ ತಕ್ಕಂತೆ ಡಿಟಿಪಿ ಮಾಡುವವರು ಬದಲಿಸಿಕೊಳ್ಳುತ್ತಾರೆ. ಅದು ಅವರ ಕೆಲಸ.

ಎರಡನೆಯದು ನಿಘಂಟು. ಇದು ನನಗೆ ಬಹಳ ಪ್ರಿಯವಾದ ಸುಖ, ಆದ್ದರಿಂದ ಇದರ ಎಳೆತ ಎಷ್ಟು ಬಲವಾದದ್ದೆಂದು ಗೊತ್ತು. ಕಿಟ್ಟೆಲ್ ಅವರ 1894ರ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲಿ, ಅಂತರ್ಜಾಲದ ಅಲರ್ ಆಗಲಿ, ಒಂದು ಪದ ಹುಡುಕಲು ಹೋದವರು ಹತ್ತು ಪದ ನೋಡದೆ ಬರುವುದಿಲ್ಲ. ಓದುವುದು ಒಳ್ಳೆಯದೇ. ಆದರೆ ಮೊದಲ ಕರಡಿಗೆ ಹೊಳೆದ ಹತ್ತಿರದ ಪದ ಸಾಕು. ಅದರ ಕೆಳಗೆ ಗೆರೆ ಎಳೆದು ಮುಂದೆ ಹೋಗಿ. ಗೆರೆ ಎಳೆದ ಪದಗಳನ್ನೆಲ್ಲ ತಿಂಗಳಿಗೊಂದು ಮಧ್ಯಾಹ್ನ ನಿಘಂಟಿನ ಜೊತೆ ಕೂತು ತಿದ್ದಿ. ಆ ಮಧ್ಯಾಹ್ನವನ್ನು ಮನಸಾರೆ ಅನುಭವಿಸಿ.

ಸಂಶೋಧನೆಯ ಬಲೆಯೂ ಇಂಥದ್ದೇ. ಕಾದಂಬರಿಯಲ್ಲಿ ಮೀಟರ್ ಗೇಜ್ ರೈಲು ಒಂದು ಸಲ ಹಾದು ಹೋಗುತ್ತದೆ, ಬರೆಯುವವರು ಮೂರು ರಾತ್ರಿ ಹಳೆಯ ರೈಲುಗಳ ವಿಡಿಯೋ ನೋಡುತ್ತಾರೆ. ಆ ವಿವರದಿಂದ ಪಾತ್ರದ ನಿರ್ಧಾರ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಬದಲಾಗುವುದಾದರೆ ಈಗಲೇ ಹುಡುಕಿ. ಇಲ್ಲದಿದ್ದರೆ ಚೌಕ ಕಂಸ.

ಇನ್ನು ಮೊದಲ ಅಧ್ಯಾಯವನ್ನು ಹೊಳಪಿಸುವ ಸುಖ. ಫೈಲ್ ತೆರೆದ ಕೂಡಲೇ ಮೊದಲ ಪುಟ ಕಾಣುತ್ತದೆ. ಓದಿದರೆ ಒಂದು ಪದ ಚುಚ್ಚುತ್ತದೆ. ತಿದ್ದುತ್ತೀರಿ. ಮೊದಲ ಅಧ್ಯಾಯ ಹತ್ತು ಸಲ ತಿದ್ದಿಸಿಕೊಂಡು ಮಿಂಚುತ್ತಿರುತ್ತದೆ, ಒಂಬತ್ತನೆಯದು ಹುಟ್ಟಿರುವುದಿಲ್ಲ. ಇದಕ್ಕೆ ಯಂತ್ರದ ಪರಿಹಾರವೇ ಸರಿ. ಪ್ರತಿ ಅಧ್ಯಾಯಕ್ಕೂ ಬೇರೆ ಫೈಲ್ ಮಾಡಿ. ಮುಗಿದ ಅಧ್ಯಾಯಗಳನ್ನು ಬೇರೆ ಫೋಲ್ಡರಿಗೆ ಹಾಕಿ. ದಿನ ಬೆಳಗಾದರೆ ಕಣ್ಣಿಗೆ ಬೀಳುವುದು ಇವತ್ತು ಬರೆಯಬೇಕಾದ ಫೈಲ್ ಮಾತ್ರ ಆಗಿರಲಿ.

ಮತ್ತೆ ಮುನ್ನುಡಿ, ಬೆನ್ನುಡಿ, ಅರ್ಪಣೆ, ಮುಖಪುಟ. ಮುನ್ನುಡಿ ಯಾರ ಹತ್ತಿರ ಬರೆಸುವುದು ಎಂಬ ಯೋಚನೆಯಲ್ಲಿ ಬಹಳ ಸವಿ ಇದೆ. ಅರ್ಪಣೆಯ ಸಾಲು ಬರೆಯುವಾಗ ಕಣ್ಣು ತುಂಬುತ್ತದೆ. ಇವೆಲ್ಲ ಪುಸ್ತಕ ಮುಗಿದವರ ಸುಖಗಳು. ಮುಂಚಿತವಾಗಿ ಉಂಡುಬಿಟ್ಟರೆ ಮುಗಿಸಿದಾಗ ಸಿಗಬೇಕಾದದ್ದು ಈಗಲೇ ಖರ್ಚಾಗುತ್ತದೆ. ಹೊಸ ಪೆನ್ನು, ದುಬಾರಿ ನೋಟ್‌ಬುಕ್, ಬರೆಯುವುದು ಹೇಗೆ ಎಂದು ಕಲಿಸುವ ಪುಸ್ತಕಗಳು ಕೂಡ ಇದೇ ಸಾಲಿಗೆ ಸೇರುತ್ತವೆ.

ಹೇಳಿಕೊಂಡು ಮುಗಿಸಿಬಿಡುವ ದೋಷ

ಬರೆದ ಒಂದು ಪ್ಯಾರಾವನ್ನು ಫೇಸ್‌ಬುಕ್ಕಿಗೆ ಹಾಕುವುದು, ಸ್ಟೇಟಸ್ಸಿನಲ್ಲಿ 'ಕಾದಂಬರಿ ಬರೀತಿದ್ದೀನಿ' ಎನ್ನುವುದು, ಸಂಜೆ ಗೆಳೆಯರಿಗೆ ಇಡೀ ಕಥೆ ಹೇಳುವುದು. ಮೆಚ್ಚುಗೆ ಸಿಗುತ್ತದೆ. ಮರುದಿನ ಬರೆಯಲು ಕೂತರೆ ಹುರುಪು ಇಳಿದಿರುತ್ತದೆ.

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿದರು. 'ನಾನು ಇಂಥವನಾಗಬೇಕು' ಎಂಬ ಗುರಿಗೆ ಸೇರಿದ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದಾಗ, ಜನ ಅದಕ್ಕಾಗಿ ಕಡಿಮೆ ದುಡಿದರು. ಗುರುತಿಸಿಕೊಂಡದ್ದರಿಂದಲೇ ಆಗಲೇ ಅರ್ಧ ದಾರಿ ಬಂದ ಭಾವನೆ ಬರುತ್ತದೆ ಎಂಬುದು ಅವರ ವಿವರಣೆ. ಲೇಖಕರು ಎನಿಸಿಕೊಳ್ಳುವ ಆಸೆಗೆ ಇದು ಚೆನ್ನಾಗಿ ಹೊಂದುತ್ತದೆ.

ಹಾಗೆಂದು ಯಾರಿಗೂ ತೋರಿಸದೆ ಬರೆಯಿರಿ ಎನ್ನುವುದಿಲ್ಲ. ಒಬ್ಬರು ಸಾಕು. ಹೊಗಳದೆ 'ಮುಂದಿನ ಅಧ್ಯಾಯ ಯಾವಾಗ ಕೊಡ್ತೀರಿ?' ಎಂದು ಮಾತ್ರ ಕೇಳುವ ಒಬ್ಬರು. ಅಕ್ಕನೋ, ಸಹೋದ್ಯೋಗಿಯೋ, ಹಳೆಯ ಮೇಷ್ಟ್ರೋ. ಹೇಳಬೇಕಾದದ್ದು ಕಥೆಯನ್ನಲ್ಲ, ತಾರೀಖನ್ನು.

ಬರೆಯುತ್ತಿರುವಾಗ ಇದಕ್ಕಿಂತ ಚೆಂದದ ಹೊಸ ಕಥೆ ಹೊಳೆಯುವುದೂ ಇದೆ. ಅದಕ್ಕೆ ಒಂದು ಪುಟ ಕೊಡಿ, ಜಾಸ್ತಿ ಬೇಡ. ತಾರೀಖು ಹಾಕಿ ಮಡಚಿಡಿ.

ಸುಖದ ಜಾಗ ಬದಲಿಸುವುದು

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆರವಿಗೆ ಬರುತ್ತದೆ. ಕುತೂಹಲ ಹುಟ್ಟಿಸುವ ಆಡಿಯೋ ಕಾದಂಬರಿಗಳನ್ನು ವ್ಯಾಯಾಮಶಾಲೆಯಲ್ಲಿ ಮಾತ್ರ ಕೇಳಬಹುದು ಎಂದು ಕಟ್ಟು ಹಾಕಿದರು. ಆ ಗುಂಪಿನವರು ಶುರುವಿನಲ್ಲಿ ಉಳಿದವರಿಗಿಂತ 51 ಶೇಕಡಾ ಜಾಸ್ತಿ ಸಲ ವ್ಯಾಯಾಮಕ್ಕೆ ಬಂದರು. ದಿನ ಕಳೆದಂತೆ ಪರಿಣಾಮ ಇಳಿಯಿತು. ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ ಬಂದ ಮೇಲಂತೂ ಕಳಚಿಹೋಯಿತು.

ಇದರಿಂದ ನಮಗೆ ಎರಡು ವಿಷಯ ಸಿಗುತ್ತವೆ. ಇಷ್ಟದ ಸುಖವನ್ನು ಬರವಣಿಗೆಗೆ ಕಟ್ಟಿಹಾಕಬಹುದು. ಹಬ್ಬ, ಮದುವೆ, ಊರಿನ ಜಾತ್ರೆ ಆದ ಮೇಲೆ ಆ ಗಂಟನ್ನು ಮತ್ತೆ ಕಟ್ಟಬೇಕು. ದಸರಾ ರಜೆಯಿಂದ ಬಂದವರು ತಾನಾಗಿ ಶುರುವಾಗುತ್ತದೆ ಎಂದು ಕಾಯಬಾರದು, ಬಂದ ಮರುದಿನವೇ ಐವತ್ತು ಪದವಾದರೂ ಬರೆಯಬೇಕು.

ಬರೆಯುತ್ತಾ ಆಡಿಯೋ ಕಥೆ ಕೇಳಲು ಆಗುವುದಿಲ್ಲ. ಹಾಗಾಗಿ ನಮ್ಮ ಕಟ್ಟು ಸ್ವಲ್ಪ ಬೇರೆ. ಸಣ್ಣ ಸುಖ ದಿನದ ಪದಗಳಾದ ಮೇಲೆ, ದೊಡ್ಡದು ವಾರದ ಪದಗಳಾದ ಮೇಲೆ. ಸ್ಕೋರ್ ನೋಡುವುದು 300 ಪದದ ನಂತರ. ಬಸವನಗುಡಿ ಕಡೆಯವರಾದರೆ ವಿದ್ಯಾರ್ಥಿ ಭವನದ ಮಸಾಲೆ ದೋಸೆ ವಾರದ ಲೆಕ್ಕ ಮುಗಿದ ಮೇಲೆ. (ಶುಕ್ರವಾರ ಬಾಗಿಲು ಹಾಕಿರುತ್ತಾರೆ, ವಾರವನ್ನು ಶುಕ್ರವಾರಕ್ಕೆ ಮುಗಿಸುವಂತೆ ಇಟ್ಟುಕೊಂಡರೆ ಶನಿವಾರ ಬೆಳಿಗ್ಗೆ ಹೋಗಬಹುದು.)

ಕೈಗೆ ಏನಾದರೂ ಬೇಕೇ ಬೇಕು ಎನ್ನುವವರಿಗೆ ಮಾಯಾ ಏಂಜೆಲೊ ಅವರ ಪದ್ಧತಿ ಒಳ್ಳೆಯದು. ಅಮೆರಿಕದ ಈ ಲೇಖಕಿ ಬರೆಯಲು ಹೋಟೆಲಿನಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿಯುತ್ತಿದ್ದರು. ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ತೆಗೆಸುತ್ತಿದ್ದರು. ಆದರೆ ಒಂದು ಕಟ್ಟು ಇಸ್ಪೀಟ್ ಎಲೆ ಇಟ್ಟುಕೊಳ್ಳುತ್ತಿದ್ದರು. 'ಸಣ್ಣ ಮನಸ್ಸಿಗೆ' ಏನಾದರೂ ಕೆಲಸ ಕೊಟ್ಟರೆ 'ದೊಡ್ಡ ಮನಸ್ಸು' ಬರೆಯುತ್ತದೆ ಎಂಬುದು ಅವರ ಅಜ್ಜಿಯಿಂದ ಬಂದ ತಿಳಿವಳಿಕೆ. ಕಥೆಯಿಂದ ಹೊರಗೆ ಎಳೆಯದ, ಪದಗಳಿಲ್ಲದ ಒಂದು ಸುಖವನ್ನು ನೀವೂ ಆರಿಸಿಕೊಳ್ಳಿ. ಹೂ ಕಟ್ಟುವುದು, ಅವರೆಕಾಳು ಬಿಡಿಸುವುದು ಕೂಡ ಆಗಬಹುದು. ಕೈ ಆಡುತ್ತಿರುವಾಗ ಮುಂದಿನ ಸಂಭಾಷಣೆ ತಲೆಯಲ್ಲಿ ಕೂಡಿಕೊಳ್ಳುತ್ತದೆ.

ಶುರು ಮಾಡುವುದೇ ಕಷ್ಟ ಎನ್ನುವವರಿಗೆ ಅರ್ನೆಸ್ಟ್ ಹೆಮಿಂಗ್ವೇ ಹೇಳಿದ ಉಪಾಯ ಇವತ್ತಿಗೂ ಸರಿ: ಮುಂದೆ ಏನಾಗುತ್ತದೆ ಎಂದು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಿ. ಬೇಕಿದ್ದರೆ ವಾಕ್ಯದ ನಡುವೆಯೇ ನಿಲ್ಲಿಸಿ. ಮರುದಿನ ಅರ್ಧ ವಾಕ್ಯ ಕಾದಿರುತ್ತದೆ, ಕಾಫಿಗಿಂತ ಮೊದಲು ಅದನ್ನು ಮುಗಿಸುವ ತವಕ ಹುಟ್ಟುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ

ಒಂದು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸಿದರೂ ಚೌಕಗಳು ಖಾಲಿಯೇ ಇದ್ದರೆ ಸುಖಗಳ ಕಡೆಗೇ ಒಮ್ಮೆ ನೋಡಿ. ಕಾಫಿ ಇನ್ನೂ ರುಚಿಸುತ್ತಿದೆಯೇ? ಮ್ಯಾಚ್ ನೋಡಿದರೆ ಖುಷಿಯಾಗುತ್ತದೆಯೇ? ಖುಷಿಯಾಗುತ್ತಿದ್ದು, ಈ ಕಾದಂಬರಿ ಮಾತ್ರ ಬೇಡವಾಗಿದ್ದರೆ, ಬಹುಶಃ ಇದು ನೀವು ಬರೆಯಬೇಕಾದ ಪುಸ್ತಕ ಅಲ್ಲ. ಬೇರೆಯದನ್ನು ಶುರು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಯಾವುದೂ ರುಚಿಸುತ್ತಿಲ್ಲ, ನಿದ್ದೆ ಬರುತ್ತಿಲ್ಲ, ವಾರಗಟ್ಟಲೆ ಎಲ್ಲವೂ ಭಾರ ಅನಿಸುತ್ತಿದೆ ಎಂದಾದರೆ ಕರಡನ್ನು ಪಕ್ಕಕ್ಕಿಟ್ಟು ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಅಧ್ಯಾಯದ ಹತ್ತಿರ ಮಾತ್ರ ಬರುವ ದೋಷ

ಇನ್ನು ಇಪ್ಪತ್ತು ಪುಟ ಬಾಕಿ ಎನ್ನುವಾಗ ಸುಖಗಳು ಮತ್ತೆ ಗುಂಪುಗಟ್ಟಿ ಬರುತ್ತವೆ. ಇಷ್ಟು ದಿನ ಚೆನ್ನಾಗಿ ಬರೆದವರೂ ಇಲ್ಲಿ ಮನೆಗೆ ಬಣ್ಣ ಹೊಡೆಸಲು ಶುರು ಮಾಡುತ್ತಾರೆ. ಕಾರಣ ಸ್ಪಷ್ಟ. ಮುಗಿಯದ ಕಾದಂಬರಿ ಎಷ್ಟು ಬೇಕಾದರೂ ಚೆನ್ನಾಗಿರಬಹುದು, ಮುಗಿದದ್ದು ಇರುವಷ್ಟೇ ಇರುತ್ತದೆ. ಆ ಹೆದರಿಕೆಯನ್ನು ಒಳಗಿನಿಂದ ಗೆಲ್ಲಲು ಕಾಯಬೇಡಿ. ಹೊರಗಿನ ತಾರೀಖೊಂದನ್ನು ಹಿಡಿಯಿರಿ. ಮೊದಲ ಪುಸ್ತಕವಾದರೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆ ಇದೆ, ಅರ್ಜಿ ಕರೆದಾಗ ಕೊನೆಯ ದಿನ ಇರುತ್ತದೆ. ಕಥೆ ಬರೆಯುವವರಿಗೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇದೆ. ಯಾವುದೂ ಹೊಂದದಿದ್ದರೆ, ಕರಡು ಓದಲು ಒಪ್ಪಿದವರಿಗೆ 'ಮುಂದಿನ ತಿಂಗಳ ಮೊದಲ ಭಾನುವಾರ ತಂದುಕೊಡುತ್ತೇನೆ' ಎಂದು ಹೇಳಿಬಿಡಿ.

ಕೊನೆಯ ಸಾಲು ಬರೆದ ದಿನ ಮತ್ತೆ ಮೊದಲಿನಿಂದ ಓದಲು ಹೋಗಬೇಡಿ. ಎ4 ಹಾಳೆಯಲ್ಲಿ ಒಂದೇ ಬದಿಗೆ, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಓದುವವರ ಕೈಗೆ ಕೊಡಿ. ಎರಡು ವಾರ ಫೈಲ್ ತೆರೆಯಬೇಡಿ. ಆ ಎರಡು ವಾರದಲ್ಲಿ ನಿಘಂಟು, ಫಾಂಟ್, ಮುನ್ನುಡಿ ಯಾರದ್ದು ಎಂಬ ಚರ್ಚೆ, ಟೆಸ್ಟ್ ಮ್ಯಾಚಿನ ಐದೂ ದಿನ, ಎಲ್ಲಕ್ಕೂ ಬಿಡುವು ಇದೆ.